ಮೇಲಿನ ಖಜಾನೆಯಲ್ಲಿ ಊರಿನ ಪಾಲು: ಎಷ್ಟು ಅನ್ನುವುದು ಮುಖ್ಯವೋ, ಹೇಗೆ ಬರುತ್ತದೆ ಅನ್ನುವುದೋ?

ಪಾಲು_ಲೆಕ್ಕ (ಚರ್ಚೆ ಶುರು ಮಾಡಿದವರು):

ತೆರಿಗೆ ಹಣವನ್ನು ದೇಶದ ಸರ್ಕಾರ ಮತ್ತು ಊರಿನ ಆಡಳಿತ ಹೇಗೆ ಹಂಚಿಕೊಳ್ಳಬೇಕು ಎನ್ನುವ ಮಾತು ಎಲ್ಲೇ ಬರಲಿ, ಜಗಳ ಒಂದು ಅಂಕಿಗೆ ಬಂದು ನಿಲ್ಲುತ್ತದೆ. ಒಬ್ಬರು ಶೇ. 30 ಅನ್ನುತ್ತಾರೆ, ಇನ್ನೊಬ್ಬರು ಶೇ. 40 ಅನ್ನುತ್ತಾರೆ. ಅಂಕಿ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಆ ಅಂಕಿಯನ್ನು ಯಾವ ಮೊತ್ತದ ಮೇಲೆ ಲೆಕ್ಕ ಹಾಕುತ್ತಾರೆ? ಹಣ ಯಾವ ತಿಂಗಳು ಕೈಗೆ ಬರುತ್ತದೆ? ದಾರಿಯಲ್ಲಿ ಯಾರ ಕೈ ದಾಟಿ ಬರುತ್ತದೆ? ಬಂದದ್ದು ಊರಿನವರಿಗೆ ಗೊತ್ತಾಗುತ್ತದೆಯೇ? ಇವು ಅಂಕಿಗಿಂತ ಮುಖ್ಯ ಎನ್ನುವುದು ನನ್ನ ನಂಬಿಕೆ. ಒಪ್ಪುವವರು, ಒಪ್ಪದವರು ಇಬ್ಬರೂ ಬನ್ನಿ.

ಮೊದಲು ಮೂಲ ವಿಷಯ. ದೊಡ್ಡ ತೆರಿಗೆಗಳೆಲ್ಲ ಮೇಲಿನ ಸರ್ಕಾರದ ಕೈಯಲ್ಲಿ ಇರುವುದಕ್ಕೆ ಕಾರಣ ಇದೆ. ಆದಾಯ ತೆರಿಗೆ, ಕಂಪನಿ ತೆರಿಗೆ, ಸರಕು ಮತ್ತು ಸೇವೆಗಳ ತೆರಿಗೆಯನ್ನು ಊರೂರಿಗೆ ಬಿಟ್ಟರೆ, ದುಡ್ಡಿದ್ದವರು ಕಡಿಮೆ ತೆರಿಗೆ ಇರುವ ಊರಿಗೆ ವಿಳಾಸ ಬದಲಿಸಿಬಿಡುತ್ತಾರೆ. ಸರಕಿಗೆ ಪ್ರತಿ ಗಡಿಯಲ್ಲೂ ಒಂದೊಂದು ತೆರಿಗೆ ಬೀಳುತ್ತದೆ. ಹಾಗಾಗಿ ಊರಿಗೆ ಉಳಿಯುವುದು ಜಾಗ ಬಿಟ್ಟು ಕದಲದ ಆಸ್ತಿಯ ಮೇಲಿನ ತೆರಿಗೆ, ಜೊತೆಗೆ ಒಂದಿಷ್ಟು ಶುಲ್ಕ. ಖರ್ಚು ಮಾತ್ರ ಉಲ್ಟಾ. ಕುಡಿಯುವ ನೀರು, ಚರಂಡಿ, ಬೀದಿ ದೀಪ, ಕಸ ವಿಲೇವಾರಿ ಎಲ್ಲ ಕೆಳಗೇ ನಡೆಯಬೇಕು. ಈ ಅಂತರ ತುಂಬಲು ಬರುವ ಹಣ ಮೇಲಿನವರು ಕೊಡುವ ದಾನ ಅಲ್ಲ. ವಸೂಲಿ ಸುಲಭ ಅಂತ ಮೇಲೆ ಕಟ್ಟಿಸಿಕೊಂಡ ಊರಿನವರದೇ ಹಣ ಅದು.

ಈ ಅಂತರವನ್ನು ಸರಿಯಾಗಿ ತುಂಬದಿದ್ದರೆ ಏನಾಗುತ್ತದೆ ಅಂತ ನೋಡಲು ಚೀನಾ ಸಾಕು. 1993ರಲ್ಲಿ ಅಲ್ಲಿನ ಒಟ್ಟು ಸರ್ಕಾರಿ ಆದಾಯದಲ್ಲಿ ಕೇಂದ್ರದ ಪಾಲು ಸುಮಾರು ಶೇ. 22. 1994ರಲ್ಲಿ ತೆರಿಗೆ ಹಂಚಿಕೆ ಬದಲಾಯಿತು. ಮೌಲ್ಯವರ್ಧಿತ ತೆರಿಗೆಯಲ್ಲಿ ಕೇಂದ್ರಕ್ಕೆ ಶೇ. 75, ಸ್ಥಳೀಯರಿಗೆ ಶೇ. 25. ಅದೇ ವರ್ಷ ಕೇಂದ್ರದ ಪಾಲು ಶೇ. 55 ದಾಟಿತು. ಶಾಲೆ, ಆಸ್ಪತ್ರೆ, ರಸ್ತೆಯ ಖರ್ಚಿನ ಬಹುಪಾಲು ಮಾತ್ರ ಮೊದಲಿನ ಹಾಗೆ ಕೆಳಗೇ ಉಳಿಯಿತು. ಮೇಲಿಂದ ಬಂದ ಅನುದಾನ ಅನೇಕ ಕಡೆ ಸಾಲದೆ ಹೋಯಿತು. ಸ್ಥಳೀಯ ಸರ್ಕಾರಗಳು ಜಮೀನಿನ ಬಳಕೆ ಹಕ್ಕು ಮಾರಿ ಹಣ ಹುಟ್ಟಿಸುವ ದಾರಿ ಹಿಡಿದವು, ಜಮೀನು ತೋರಿಸಿ ಸಾಲ ಎತ್ತಿದವು. ಕಟ್ಟಡ ವ್ಯವಹಾರ ಬಿದ್ದಾಗ ಆ ಹಣವೂ ಬಿತ್ತು. ಹಂಚಿಕೆಯಲ್ಲಿ ಬಿಟ್ಟ ಬಿರುಕು ಊರಿನ ನೆಲದ ಮೇಲೆ ಕಾಣಿಸಿಕೊಂಡಿತು.

ಮರುಪ್ರಶ್ನೆ:

ನಿಮ್ಮ ಮಾತಿನ ಬುಡವನ್ನೇ ನಾನು ಒಪ್ಪುವುದಿಲ್ಲ. ಮೇಲಿಂದ ಬರುವ ಹಣ ಎಷ್ಟೇ ಚೆನ್ನಾಗಿ ಬರಲಿ, ಅದರ ಮೇಲೆ ಊರಿನವರಿಗೆ ಅಕ್ಕರೆ ಇರುವುದಿಲ್ಲ. ಜೇಬಿನಿಂದ ಹೋದ ಹಣಕ್ಕೆ ಜನ ಲೆಕ್ಕ ಕೇಳುತ್ತಾರೆ. ಎಲ್ಲಿಂದಲೋ ಬಂದ ಹಣಕ್ಕೆ ಯಾರೂ ಕೇಳುವುದಿಲ್ಲ. ಸ್ವೀಡನ್ ನೋಡಿ. ಅಲ್ಲಿ ಸಾಮಾನ್ಯ ಉದ್ಯೋಗಿ ಕಟ್ಟುವ ಆದಾಯ ತೆರಿಗೆಯ ಬಹುಪಾಲು ಹೋಗುವುದು ಮುನಿಸಿಪಾಲಿಟಿ ಮತ್ತು ಪ್ರಾಂತ್ಯಕ್ಕೆ. ಎರಡೂ ಸೇರಿದ ದರ ಸರಾಸರಿ ಆದಾಯದ ಶೇ. 32ರಷ್ಟು. ದರ ಹೆಚ್ಚಿಸಬೇಕೋ ಬೇಡವೋ ಅಂತ ಅಲ್ಲಿನ ಚುನಾಯಿತರೇ ತೀರ್ಮಾನಿಸುತ್ತಾರೆ, ಅಲ್ಲಿನವರಿಗೇ ಉತ್ತರ ಹೇಳುತ್ತಾರೆ. ತೆರಿಗೆ ಹಾಕುವ ಅಧಿಕಾರ ಕೊಡಿ, ಪಾಲು ಕೇಳುವ ಪ್ರಸಂಗವೇ ಬರುವುದಿಲ್ಲ.

ಪಾಲು_ಲೆಕ್ಕ:

ಲೆಕ್ಕ ಕೇಳುವ ವಿಷಯದಲ್ಲಿ ನೀವು ಹೇಳಿದ್ದು ಸರಿ. ಆದರೆ ಸ್ವೀಡನ್ನಿನ ಅರ್ಧ ಕತೆ ಬಿಟ್ಟಿರಿ. ಅಲ್ಲಿ 290 ಮುನಿಸಿಪಾಲಿಟಿಗಳಿವೆ. ಅವುಗಳ ಆದಾಯ ಸರಿದೂಗಿಸಲು ದೊಡ್ಡ ವ್ಯವಸ್ಥೆಯೇ ಇದೆ. ಶ್ರೀಮಂತ ಮುನಿಸಿಪಾಲಿಟಿಗಳು ಕೆಲವು ಅದಕ್ಕೆ ಹಣ ಕಟ್ಟುತ್ತವೆ, ಉಳಿದವು ಪಡೆಯುತ್ತವೆ. ಸ್ವಂತ ತೆರಿಗೆ ಅಷ್ಟು ಬಲವಾಗಿರುವ ದೇಶಕ್ಕೂ ಅದೊಂದರಿಂದಲೇ ನಡೆಯಲಿಲ್ಲ. ಎರಡು ಊರು ಒಂದೇ ದರದಲ್ಲಿ ತೆರಿಗೆ ಹಾಕಿದರೂ, ಒಂದರಲ್ಲಿ ಕಾರ್ಖಾನೆ ಇದ್ದು ಇನ್ನೊಂದರಲ್ಲಿ ವಯಸ್ಸಾದವರೇ ಉಳಿದಿದ್ದರೆ ಕೈಗೆ ಬರುವ ಹಣ ಒಂದೇ ಇರುತ್ತದೆಯೇ? ಎರಡೂ ಊರಿನ ಮಕ್ಕಳಿಗೆ ಬೇಕಾಗುವ ಶಾಲೆ ಒಂದೇ ತರಹದ್ದು.

ನಿವೃತ್ತ_ಲೆಕ್ಕಿಗ:

ನಾನು ಸ್ಥಳೀಯ ಸಂಸ್ಥೆಯೊಂದರ ಲೆಕ್ಕ ವಿಭಾಗದಲ್ಲಿ ಸರ್ವಿಸ್ ಮುಗಿಸಿದವನು. ಎಷ್ಟು, ಯಾಕೆ ಅನ್ನುವುದನ್ನು ನೀವು ಮಾತಾಡುತ್ತಿದ್ದೀರಿ. ಯಾವಾಗ ಅನ್ನುವುದರ ಬಗ್ಗೆ ನಾನು ಹೇಳುತ್ತೇನೆ. ಅದನ್ನು ಅನುಭವಿಸಿದವರಿಗೇ ಗೊತ್ತು.

ವರ್ಷದ ಶುರುವಿನಲ್ಲಿ ಬಜೆಟ್ ಮಾಡುತ್ತಿದ್ದೆವು. ಮೇಲಿಂದ ಇಷ್ಟು ಬರುತ್ತದೆ ಅಂತ ಒಂದು ಅಂದಾಜು ಬರೆಯುತ್ತಿದ್ದೆವು. ಮೊದಲ ಕಂತು ಬರುವಷ್ಟರಲ್ಲಿ ಅರ್ಧ ವರ್ಷ ಕಳೆದಿರುತ್ತಿತ್ತು. ಎರಡನೇ ಕಂತು ಬೇಕಾದರೆ ಮೊದಲನೆಯದರ ಹಣ ಬಳಕೆ ಪ್ರಮಾಣ ಪತ್ರ ಕಳಿಸಬೇಕು. ಕೆಲಸ ಮುಗಿಯದೆ ಪತ್ರ ಕೊಡುವ ಹಾಗಿಲ್ಲ, ಹಣ ಇಲ್ಲದೆ ಕೆಲಸ ಮುಗಿಯುವುದಿಲ್ಲ. ಕೊನೆಗೆ ವರ್ಷ ಮುಗಿಯಲು ಹತ್ತಿಪ್ಪತ್ತು ದಿನ ಇರುವಾಗ ದೊಡ್ಡ ಮೊತ್ತ ಖಾತೆಗೆ ಬಂದು ಬೀಳುತ್ತಿತ್ತು, ಖರ್ಚು ಮಾಡದಿದ್ದರೆ ವಾಪಸ್ ಎನ್ನುವ ಸುತ್ತೋಲೆಯ ಜೊತೆಗೆ.

ಆಗ ಏನು ಮಾಡುತ್ತಾರೆ ಹೇಳಿ? ಬೇಗ ಬಿಲ್ ಆಗುವ ಕೆಲಸ ಹುಡುಕುತ್ತಾರೆ. ಇರುವ ರಸ್ತೆಯ ಮೇಲೆ ಇನ್ನೊಂದು ಪದರ ಡಾಂಬರು ಹಾಕುವುದಕ್ಕೆ ಸರ್ವೆ ಬೇಡ, ಹೆಚ್ಚು ಯೋಚನೆ ಬೇಡ. ಹಳೆ ನೀರಿನ ಪೈಪ್ ಎಲ್ಲೆಲ್ಲಿ ಸೋರುತ್ತಿದೆ ಅಂತ ಅಗೆದು ನೋಡಿ, ಅಂದಾಜು ಪಟ್ಟಿ ಮಾಡಿ, ಟೆಂಡರ್ ಕರೆದು ಬದಲಿಸಲು ತಿಂಗಳುಗಟ್ಟಲೆ ಬೇಕು. ಹಾಗಾಗಿ ರಸ್ತೆಗೆ ಮತ್ತೆ ಡಾಂಬರು ಬೀಳುತ್ತದೆ, ಅದರ ಕೆಳಗೆ ಪೈಪ್ ಸೋರುತ್ತಲೇ ಇರುತ್ತದೆ. ಹೊರಗಿನಿಂದ ನೋಡುವವರು ಇವರಿಗೆ ಯೋಜನೆ ಮಾಡಲು ಬರುವುದಿಲ್ಲ ಅನ್ನುತ್ತಾರೆ. ಯೋಜನೆ ಮಾಡಲು ನಮಗೆ ಹೊತ್ತು ಯಾರು ಕೊಟ್ಟರು?

ಇನ್ನೊಂದು, ನಿರ್ಬಂಧಿತ ಅನುದಾನ. ಒಂದು ಖಾತೆಯಲ್ಲಿ ಹಣ ಇರುತ್ತದೆ, ಅದು ಇಂಥ ಕೆಲಸಕ್ಕೆ ಮಾತ್ರ. ಇನ್ನೊಂದು ಕಡೆ ಬೀದಿ ದೀಪದ ಕರೆಂಟ್ ಬಿಲ್ ಬಾಕಿ, ಪೌರಕಾರ್ಮಿಕರ ಸಂಬಳ ಬಾಕಿ. ಈ ಖಾತೆಯಿಂದ ಆ ಖಾತೆಗೆ ಒಂದು ರೂಪಾಯಿ ಹಾಕುವ ಹಾಗಿಲ್ಲ. ಹಣ ಇದ್ದೂ ಬರಿಗೈ. ಕಮ್ಮಿ ಕೊಟ್ಟರೂ ಪರವಾಗಿಲ್ಲ, ಇಂಥ ತಾರೀಖಿಗೆ ಇಷ್ಟು ಬರುತ್ತದೆ ಅಂತ ಗೊತ್ತಿದ್ದರೆ ಕೆಲಸ ಮಾಡಿ ತೋರಿಸಬಹುದಿತ್ತು. ಇದು ಇವತ್ತಿಗೂ ಹೊಟ್ಟೆಯಲ್ಲಿ ಉರಿಯುವ ವಿಷಯ.

ಬಜೆಟ್_ಓದುಗಿ:

ನಿವೃತ್ತ ಲೆಕ್ಕಿಗರೇ, ತುಂಬಾ ಥ್ಯಾಂಕ್ಸ್ ಸರ್. ಈ ರಸ್ತೆ-ಪೈಪ್ ವಿಷಯ ನಾನು ಯಾವ ವರದಿಯಲ್ಲೂ ಇಷ್ಟು ಸ್ಪಷ್ಟವಾಗಿ ಓದಿರಲಿಲ್ಲ.

ಕಾನೂನು_ಓದು:

ತಾರೀಖಿನ ಮಾತು ಬಂತಲ್ಲ, ಫಿಲಿಪ್ಪೀನ್ಸ್ ದೇಶದ 1991ರ ಸ್ಥಳೀಯ ಸರ್ಕಾರ ಸಂಹಿತೆಯಲ್ಲಿ ಅದು ನೇರವಾಗಿ ಬರೆದಿದೆ. ಪ್ರತಿ ಮೂರು ತಿಂಗಳ ಅವಧಿ ಮುಗಿದ ಐದು ದಿನದೊಳಗೆ ಪಾಲು ತಾನಾಗಿ ನೇರವಾಗಿ ಸ್ಥಳೀಯ ಸಂಸ್ಥೆಗೆ ಹೋಗಬೇಕು. ಮೇಲಿನವರು ಯಾವ ನೆಪ ಹೇಳಿಯೂ ತಡೆಹಿಡಿಯುವ ಹಾಗಿಲ್ಲ. ಪಾಲು ಶೇ. 40. ಅದರೊಳಗೆ ಪ್ರಾಂತ್ಯಗಳಿಗೆ ಶೇ. 23, ನಗರಗಳಿಗೆ ಶೇ. 23, ಪಟ್ಟಣಗಳಿಗೆ ಶೇ. 34, ಎಲ್ಲಕ್ಕಿಂತ ಕೆಳಗಿನ ಬರಂಗಾಯ್‌ಗಳಿಗೆ ಶೇ. 20.

ಇಷ್ಟು ಚೆನ್ನಾಗಿ ಬರೆದ ಕಾನೂನಿನಲ್ಲೂ ಜಗಳ ಹುಟ್ಟಿತು. ಶೇ. 40 ಸರಿ, ಯಾವುದರ ಶೇ. 40? ಸರ್ಕಾರ ಒಳನಾಡಿನ ತೆರಿಗೆ ಇಲಾಖೆ ವಸೂಲಿ ಮಾಡಿದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿತ್ತು. ಬಂದರುಗಳಲ್ಲಿ ಕಸ್ಟಮ್ಸ್ ಇಲಾಖೆ ವಸೂಲಿ ಮಾಡಿದ ತೆರಿಗೆ ಅದರಲ್ಲಿ ಇರಲಿಲ್ಲ. ಸಂವಿಧಾನ ಹೇಳುವುದು ರಾಷ್ಟ್ರೀಯ ತೆರಿಗೆಗಳಲ್ಲಿ ನ್ಯಾಯವಾದ ಪಾಲು ಅಂತ. 2018ರಲ್ಲಿ ಸುಪ್ರೀಂ ಕೋರ್ಟ್ ಸ್ಥಳೀಯರ ಪರ ತೀರ್ಪು ಕೊಟ್ಟಿತು, 2019ರಲ್ಲಿ ಅದು ಅಂತಿಮವಾಯಿತು, 2022ರ ಬಜೆಟ್‌ನಿಂದ ಜಾರಿಗೆ ಬಂತು. ಶೇ. 40 ಎನ್ನುವ ಅಂಕಿ ಒಂದಿಷ್ಟೂ ಬದಲಾಗಲಿಲ್ಲ. ಕೆಳಗೆ ಬರುವ ಹಣ ಜಾಸ್ತಿ ಆಯಿತು.

ಆಮೇಲೆ ಆದದ್ದನ್ನೂ ಹೇಳಬೇಕು. ಅಲ್ಲಿ ಪಾಲು ಲೆಕ್ಕ ಹಾಕುವುದು ಮೂರು ವರ್ಷ ಹಿಂದಿನ ವಸೂಲಿಯ ಮೇಲೆ. 2022ರ ಪಾಲಿಗೆ 2019ರ ವಸೂಲಿ ಆಧಾರ, ಅದು ಒಳ್ಳೆಯ ವರ್ಷ. ಸುಮಾರು 959 ಶತಕೋಟಿ ಪೆಸೊ ಬಂತು. 2023ಕ್ಕೆ 2020 ಆಧಾರ, ಕೊರೊನಾ ವರ್ಷ. ಪಾಲು ಸುಮಾರು 820 ಶತಕೋಟಿಗೆ ಇಳಿಯಿತು. ಇದೇ ಹೊತ್ತಿಗೆ ಮೇಲಿನ ಸರ್ಕಾರ, ಹಣ ಜಾಸ್ತಿ ಬಂತಲ್ಲ ಅಂತ ಹಲವು ಕೆಲಸಗಳನ್ನು ಕೆಳಗೆ ದಾಟಿಸುವ ಆದೇಶವನ್ನೂ ಹೊರಡಿಸಿತ್ತು. ಕೆಲಸ ಬಂದ ಮೇಲೆ ಹಣ ಇಳಿಯಿತು.

ಹೊಸ_ಸದಸ್ಯ:

ಅಂದರೆ ಶೇಕಡಾ ಅಂಕಿಯನ್ನು ದೊಡ್ಡದಾಗಿ ಹೇಳಿ, ಅದನ್ನು ಲೆಕ್ಕ ಹಾಕುವ ಮೊತ್ತವನ್ನು ಸಣ್ಣದು ಮಾಡಿದರೆ ಆಯಿತು, ಅಲ್ವಾ?

ಬಜೆಟ್_ಓದುಗಿ:

ಹೌದು, ಭಾರತದಲ್ಲೇ ಉದಾಹರಣೆ ಇದೆ. ರಾಜ್ಯಗಳಿಗೆ ಕೇಂದ್ರ ತೆರಿಗೆಯಲ್ಲಿ ಶೇ. 41 ಪಾಲು ಅಂತ 15ನೇ ಹಣಕಾಸು ಆಯೋಗ ಹೇಳಿತು. ಅದು ಹಂಚಬೇಕಾದ ತೆರಿಗೆ ಮೊತ್ತದ ಶೇ. 41, ಒಟ್ಟು ವಸೂಲಿಯದಲ್ಲ. ಸೆಸ್ ಮತ್ತು ಸರ್‌ಚಾರ್ಜ್ ಆ ಮೊತ್ತದೊಳಗೆ ಬರುವುದಿಲ್ಲ. ಹಾಗಾಗಿ ಪೆಟ್ರೋಲ್, ಡೀಸೆಲ್ ಮೇಲೆ ಮೂಲ ಅಬಕಾರಿ ಸುಂಕ ಇಳಿಸಿ ಅಷ್ಟೇ ಸೆಸ್ ಏರಿಸಿದರೆ, ಗ್ರಾಹಕ ಕೊಡುವ ತೆರಿಗೆ ಅಷ್ಟೇ ಇರುತ್ತದೆ, ಕೆಳಗೆ ಬರುವುದು ಕಡಿಮೆ ಆಗುತ್ತದೆ. ರಾಜ್ಯಕ್ಕೇ ಬರದ ಹಣ ಪಂಚಾಯಿತಿಗೆ, ನಗರಸಭೆಗೆ ಎಲ್ಲಿಂದ ಬಂದೀತು?

ಪಾಲು_ಲೆಕ್ಕ:

ಕೀನ್ಯಾದಲ್ಲಿ ಇದೇ ಸಮಸ್ಯೆ ಬೇರೆ ರೂಪದಲ್ಲಿದೆ. 2010ರ ಸಂವಿಧಾನದ ಪ್ರಕಾರ 47 ಕೌಂಟಿಗಳಿಗೆ (ಜಿಲ್ಲೆಯಂಥ ಸ್ಥಳೀಯ ಸರ್ಕಾರಗಳಿಗೆ) ದೇಶದ ಸರ್ಕಾರದ ಆದಾಯದ ಕನಿಷ್ಠ ಶೇ. 15 ಕೊಡಬೇಕು. ಕೇಳಲು ಗಟ್ಟಿ ಮಾತು. ಆದರೆ ಆ ಶೇ. 15 ಲೆಕ್ಕ ಹಾಕುವುದು ಸಂಸತ್ತು ಒಪ್ಪಿದ ಕೊನೆಯ ಲೆಕ್ಕಪರಿಶೋಧಿತ ವರ್ಷದ ಆದಾಯದ ಮೇಲೆ. ಪರಿಶೋಧನೆ, ಒಪ್ಪಿಗೆ ತಡವಾದಷ್ಟೂ ಹಳೆಯ ವರ್ಷದ ಸಣ್ಣ ಮೊತ್ತವೇ ಆಧಾರ. ಲೆಕ್ಕ ತಡ ಮಾಡಿದವರು ಮೇಲಿನವರು, ಅದರ ನಷ್ಟ ಕೆಳಗಿನವರಿಗೆ. 2020ರಲ್ಲಿ ಕೌಂಟಿಗಳ ನಡುವೆ ಹಂಚುವ ಸೂತ್ರದ ಮೇಲೆ ಅಲ್ಲಿನ ಸೆನೆಟ್‌ನಲ್ಲಿ ತಿಂಗಳುಗಟ್ಟಲೆ ಬಿಕ್ಕಟ್ಟು ನಡೆಯಿತು. ಆ ಹೊತ್ತಿನಲ್ಲಿ ಕೌಂಟಿ ಆಸ್ಪತ್ರೆಗಳಲ್ಲಿ ಸಂಬಳಕ್ಕೆ ಕಾಯುತ್ತಿದ್ದವರನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ.

ಸಂಖ್ಯೆ_ಗೆಳತಿ:

ಒಟ್ಟು ಪಾಲಿನ ಬಗ್ಗೆ ಮಾತಾಯಿತು. ಊರು ಊರಿನ ನಡುವೆ ಹಂಚುವ ಸೂತ್ರದ ಬಗ್ಗೆ ಒಂದಿಷ್ಟು ಹೇಳಲೇ? ನನಗೆ ತುಂಬಾ ಇಷ್ಟವಾದ ವಿಷಯ, ಸ್ವಲ್ಪ ಉದ್ದ ಆಗುತ್ತದೆ.

ಬ್ರೆಜಿಲ್‌ನಲ್ಲಿ ಆದಾಯ ತೆರಿಗೆ ಮತ್ತು ಕೈಗಾರಿಕಾ ಉತ್ಪನ್ನಗಳ ತೆರಿಗೆಯ ಒಂದು ಭಾಗ ಮುನಿಸಿಪಾಲಿಟಿಗಳಿಗೆ ಹೋಗುತ್ತದೆ. 1988ರ ಸಂವಿಧಾನದಲ್ಲಿ ಅದು ಶೇ. 22.5 ಇತ್ತು, ಆಮೇಲೆ ಸ್ವಲ್ಪ ಸ್ವಲ್ಪ ಏರಿಸಿದರು. ಹಂಚುವುದು ಜನಸಂಖ್ಯೆಯ ಮೆಟ್ಟಿಲುಗಳ ಮೇಲೆ. ರಾಜಧಾನಿ ನಗರಗಳನ್ನು ಬಿಟ್ಟು ಉಳಿದ ಊರುಗಳಲ್ಲಿ 10,188 ಜನರವರೆಗೆ ಗುಣಕ 0.6. ಅದಕ್ಕಿಂತ ಒಬ್ಬರು ಜಾಸ್ತಿ ಆದರೆ ಗುಣಕ 0.8. ಲೆಕ್ಕ ಹಾಕಿ ನೋಡಿ: ಒಬ್ಬನೇ ಒಬ್ಬ ಮನುಷ್ಯ ಹೆಚ್ಚಾದರೆ ಇಡೀ ಊರಿನ ಪಾಲು ಮೂರನೇ ಒಂದರಷ್ಟು ಏರುತ್ತದೆ. ಒಬ್ಬರು ಊರು ಬಿಟ್ಟರೆ ಅಷ್ಟೂ ಹಣ ಹೋಗುತ್ತದೆ. ಹೀಗಿದ್ದರೆ ಜನಗಣತಿಯ ಪ್ರತಿ ಮನೆ ಬಾಗಿಲಲ್ಲೂ ಬಜೆಟ್ ನಿಂತಿರುತ್ತದೆ. ಮೆಟ್ಟಿಲಿನ ಸ್ವಲ್ಪ ಮೇಲೆ ಅನುಮಾನ ಬರುವಷ್ಟು ಊರುಗಳು ಗುಂಪಾಗಿರುವುದನ್ನು ಅಧ್ಯಯನ ಮಾಡಿದವರು ತೋರಿಸಿದ್ದಾರೆ. 2022ರ ಜನಗಣತಿಯಲ್ಲಿ ಬಹಳ ಊರುಗಳ ಸಂಖ್ಯೆ ಅಂದಾಜಿಗಿಂತ ಕಡಿಮೆ ಬಂತು. ಒಂದೇ ಏಟಿಗೆ ಪಾಲು ಕಡಿದರೆ ಊರುಗಳು ಮುಳುಗುತ್ತವೆ ಅಂತ 2023ರಲ್ಲಿ ಇಳಿಕೆಯನ್ನು ಹತ್ತು ವರ್ಷಕ್ಕೆ ಹರಡುವ ಕಾನೂನು ತಂದರು.

ಇನ್ನೊಂದು ತುದಿ ಇಂಡೋನೇಷ್ಯಾ. 2015ರಲ್ಲಿ ಅಲ್ಲಿ ಗ್ರಾಮ ನಿಧಿ ಶುರುವಾಯಿತು. ಸುಮಾರು 74,000 ಹಳ್ಳಿಗಳು. ಮೊದಮೊದಲು ಹಣದ ಶೇ. 90 ಭಾಗವನ್ನು ಎಲ್ಲ ಹಳ್ಳಿಗೂ ಸಮನಾಗಿ ಹಂಚಿ, ಉಳಿದ ಶೇ. 10ಕ್ಕೆ ಮಾತ್ರ ಜನಸಂಖ್ಯೆ, ಬಡತನ ಎಲ್ಲ ನೋಡುತ್ತಿದ್ದರು. ಕೆಲವು ನೂರು ಜನರ ಹಳ್ಳಿಗೂ ಸಾವಿರಾರು ಜನರ ಹಳ್ಳಿಗೂ ಹೆಚ್ಚುಕಮ್ಮಿ ಒಂದೇ ಹಣ. ಬಡವರು ಜಾಸ್ತಿ ಇದ್ದದ್ದು ದೊಡ್ಡ ಹಳ್ಳಿಗಳಲ್ಲಿ. ಆಮೇಲೆ ಸಮಪಾಲನ್ನು ಇಳಿಸುತ್ತ ಬಂದರು. ಸಮಪಾಲು ಹಂಚಲು ಸುಲಭ, ಜಗಳವೂ ಕಡಿಮೆ. ತಲಾ ಲೆಕ್ಕದಲ್ಲಿ ಮಾತ್ರ ದೊಡ್ಡ ಅನ್ಯಾಯ.

ಜಪಾನ್ ಸೂತ್ರ ಇವೆರಡಕ್ಕಿಂತ ಬುದ್ಧಿವಂತಿಕೆಯದು ಅಂತ ನನಗೆ ಅನ್ನಿಸುತ್ತದೆ. ಅಲ್ಲಿ ಆದಾಯ ತೆರಿಗೆಯ ಶೇ. 33.1, ಕಂಪನಿ ತೆರಿಗೆಯ ಶೇ. 33.1, ಬಳಕೆ ತೆರಿಗೆಯ ಶೇ. 19.5, ಹೀಗೆ ಒಂದೊಂದು ತೆರಿಗೆಯಿಂದ ಗೊತ್ತಾದ ಭಾಗ ತೆಗೆದಿಡುತ್ತಾರೆ. ಪ್ರತಿ ಊರಿಗೂ ಎಷ್ಟು ಖರ್ಚು ಬೇಕು ಅಂತ ಲೆಕ್ಕ ಹಾಕುತ್ತಾರೆ. ಊರು ಸ್ವಂತವಾಗಿ ಎಷ್ಟು ತೆರಿಗೆ ಎತ್ತಬಲ್ಲದು ಅಂತಲೂ ಹಾಕುತ್ತಾರೆ. ವ್ಯತ್ಯಾಸವನ್ನು ತುಂಬಿಕೊಡುತ್ತಾರೆ. ಇಲ್ಲಿ ಒಂದು ಸಣ್ಣ ಅಂಶ ಇದೆ. ಸ್ವಂತ ತೆರಿಗೆಯಲ್ಲಿ ಶೇ. 75 ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ.

ಒಂದು ಊರಿಗೆ 100 ಬೇಕು, ಸ್ವಂತ ತೆರಿಗೆ 40 ಅಂತ ಇಟ್ಟುಕೊಳ್ಳಿ. 40ರಲ್ಲಿ ಲೆಕ್ಕಕ್ಕೆ ಬರುವುದು 30. ಮೇಲಿಂದ 70 ಬರುತ್ತದೆ. ಕೈಯಲ್ಲಿ ಒಟ್ಟು 110. ಈಗ ಆ ಊರು ಬೆಳೆದು ಸ್ವಂತ ತೆರಿಗೆ 60 ಆಯಿತು. ಲೆಕ್ಕಕ್ಕೆ 45, ಮೇಲಿಂದ 55, ಒಟ್ಟು 115. ಪೂರ್ತಿ 60ನ್ನೂ ಲೆಕ್ಕಕ್ಕೆ ಹಿಡಿದಿದ್ದರೆ ಊರು ಎಷ್ಟೇ ಬೆಳೆದರೂ ಕೈಗೆ 100 ಮಾತ್ರ. ಆಗ ತೆರಿಗೆ ಬಾಕಿ ವಸೂಲಿ ಮಾಡಲು ಯಾರಿಗೆ ಉತ್ಸಾಹ ಇರುತ್ತದೆ?

ಮರುಪ್ರಶ್ನೆ:

ನಿಮ್ಮ ಲೆಕ್ಕ ಚೆನ್ನಾಗಿದೆ ಮೇಡಂ, ಆದರೆ ಅದನ್ನೇ ನನ್ನ ಪರವಾಗಿ ಓದಬಹುದು. ಊರು 20 ಜಾಸ್ತಿ ದುಡಿಯಿತು, ಉಳಿದದ್ದು 5. ಅದೊಂದು ಪ್ರೋತ್ಸಾಹವೇ? ನಾಲ್ಕರಲ್ಲಿ ಮೂರು ಪಾಲು ಮೇಲಿನ ಅನುದಾನದಲ್ಲಿ ಕಡಿತ ಆಗಿಹೋಯಿತು.

ಸಂಖ್ಯೆ_ಗೆಳತಿ:

ನಿಜ, 5 ಕಡಿಮೆಯೇ. ಆದರೆ ಆ ಅಂಕಿಯನ್ನು ಏರಿಸಿದಷ್ಟೂ ಬೆಳೆಯಲಾಗದ ಊರುಗಳು ಹಿಂದೆ ಬೀಳುತ್ತವೆ. ಶೇ. 75 ಸರಿಯೋ ಶೇ. 60 ಸರಿಯೋ ಅನ್ನುವುದು ಆ ದೇಶದವರು ಕೂತು ತೀರ್ಮಾನಿಸಬೇಕಾದ ಮಾತು. ಸೂತ್ರದಲ್ಲಿ ಅದು ಬರೆದಿದೆ, ಯಾರು ಬೇಕಾದರೂ ನೋಡಿ ಪ್ರಶ್ನಿಸಬಹುದು. ನನಗೆ ಮುಖ್ಯ ಅನ್ನಿಸುವುದು ಅದು.

ಸ್ವಂತ ತೆರಿಗೆ, ಪಾಲು ಎರಡನ್ನೂ ಬೆರೆಸಿದ ದೇಶ ಬೇಕಾದರೆ ಜರ್ಮನಿ ನೋಡಿ. ಆದಾಯ ತೆರಿಗೆಯಲ್ಲಿ ಕೇಂದ್ರಕ್ಕೆ ಶೇ. 42.5, ರಾಜ್ಯಗಳಿಗೆ ಶೇ. 42.5, ಮುನಿಸಿಪಾಲಿಟಿಗಳಿಗೆ ಶೇ. 15. ಅದರ ಮೇಲೆ ಊರುಗಳು ವ್ಯಾಪಾರ ತೆರಿಗೆಯ ದರವನ್ನು ತಾವೇ ಗೊತ್ತುಮಾಡುತ್ತವೆ. ಅದಕ್ಕೂ ಮಿತಿ ಬೇಕಾಯಿತು. ಉತ್ತರದ ಕಡಲ ದಂಡೆಯಲ್ಲಿ ನಾರ್ಡರ್‌ಫ್ರೀಡ್ರಿಷ್ಸ್‌ಕೋಗ್ ಅಂತ ಒಂದು ಪುಟ್ಟ ಹಳ್ಳಿ ಆ ತೆರಿಗೆಯನ್ನೇ ಹಾಕುತ್ತಿರಲಿಲ್ಲ. ನೂರಾರು ಕಂಪನಿಗಳು ಅಲ್ಲಿನ ರೈತರ ಮನೆಗಳಲ್ಲಿ ತಮ್ಮ ಕಚೇರಿ ಅಂತ ಫಲಕ ಹಾಕಿಕೊಂಡವು. 2004ರಿಂದ ಕನಿಷ್ಠ ದರ ಇರಲೇಬೇಕು ಅಂತ ಕಾನೂನು ಬಂತು. ಪಾಲು ಲೆಕ್ಕ ಅವರು ಮೊದಲ ಪೋಸ್ಟಿನಲ್ಲಿ ಹೇಳಿದ ವಿಳಾಸ ಬದಲಿಸುವ ಮಾತು ಇದೇ.

ಕಾನೂನು_ಓದು:

ನಡುವಿನ ಹಂತದ ಬಗ್ಗೆ ಯಾರೂ ಮಾತಾಡಲಿಲ್ಲ. ದೇಶದ ಸರ್ಕಾರ ಕೊಡುತ್ತದೆ, ಊರು ಪಡೆಯುತ್ತದೆ, ನಡುವೆ ರಾಜ್ಯ ಇರುತ್ತದೆ. ಹಣ ಅಲ್ಲೇ ನಿಂತರೆ?

ನೈಜೀರಿಯಾದಲ್ಲಿ ಒಕ್ಕೂಟದ ಖಾತೆಯಿಂದ ಹಂಚುವಾಗ ಕೇಂದ್ರಕ್ಕೆ ಶೇ. 52.68, ರಾಜ್ಯಗಳಿಗೆ ಶೇ. 26.72, 774 ಸ್ಥಳೀಯ ಸರ್ಕಾರಗಳಿಗೆ ಶೇ. 20.60. ಐದರಲ್ಲಿ ಒಂದು ಭಾಗ ಊರಿಗೆ ಅಂದರೆ ಅನೇಕ ದೇಶಗಳಿಗಿಂತ ಜಾಸ್ತಿ. ಆದರೆ ಅದು ಹೋಗುತ್ತಿದ್ದದ್ದು ರಾಜ್ಯದ ಜೊತೆಗಿನ ಜಂಟಿ ಖಾತೆಗೆ. ಅಲ್ಲಿಂದ ಎಷ್ಟು ಬಿಡಬೇಕು ಅಂತ ರಾಜ್ಯಪಾಲರು ನಿರ್ಧರಿಸುತ್ತಿದ್ದರು. ಅಲ್ಲಿ ರಾಜ್ಯಪಾಲರೆಂದರೆ ಚುನಾಯಿತ ಮುಖ್ಯಸ್ಥರು. ಚುನಾಯಿತ ಸ್ಥಳೀಯ ಮಂಡಳಿಯನ್ನು ತೆಗೆದು ತಮ್ಮವರನ್ನು ಕೂರಿಸಿದ್ದೂ ಉಂಟು. 2024ರ ಜುಲೈ 11ರಂದು ಸುಪ್ರೀಂ ಕೋರ್ಟ್ ಸ್ಥಳೀಯ ಸರ್ಕಾರಗಳ ಹಣ ನೇರವಾಗಿ ಅವಕ್ಕೇ ಹೋಗಬೇಕು, ಚುನಾಯಿತ ಮಂಡಳಿ ಇಲ್ಲದ ಕಡೆ ಕೊಡಬಾರದು ಅಂತ ತೀರ್ಪು ಕೊಟ್ಟಿತು. ತೀರ್ಪು ಬಂದ ಮೇಲೂ ಜಾರಿ ಎಳೆದಾಡುತ್ತ ಸಾಗಿತು.

ಭಾರತದಲ್ಲಿ ಇದಕ್ಕೆ ಸಂವಿಧಾನದಲ್ಲೇ ದಾರಿ ಇದೆ. 73 ಮತ್ತು 74ನೇ ತಿದ್ದುಪಡಿ ಬಂದ ಮೇಲೆ ಪ್ರತಿ ಐದು ವರ್ಷಕ್ಕೆ ರಾಜ್ಯ ಹಣಕಾಸು ಆಯೋಗ ರಚಿಸಬೇಕು. ರಾಜ್ಯದ ಆದಾಯದಲ್ಲಿ ಪಂಚಾಯಿತಿ, ನಗರಸಭೆಗಳ ಪಾಲು ಎಷ್ಟು ಅಂತ ಅದು ಹೇಳಬೇಕು. ಎಷ್ಟೋ ರಾಜ್ಯಗಳಲ್ಲಿ ಆಯೋಗ ರಚಿಸುವುದು ತಡ, ವರದಿ ಬರುವುದು ತಡ, ಬಂದ ವರದಿ ಮೇಲೆ ಕ್ರಮ ಇನ್ನೂ ತಡ. ಕೊನೆಗೆ 15ನೇ ಹಣಕಾಸು ಆಯೋಗ, ಮಾರ್ಚ್ 2024ರೊಳಗೆ ಈ ಕೆಲಸ ಮಾಡದ ರಾಜ್ಯಗಳ ಸ್ಥಳೀಯ ಸಂಸ್ಥೆಗಳಿಗೆ ಅನುದಾನ ಇಲ್ಲ ಎನ್ನುವ ಷರತ್ತು ಹಾಕಿತು.

ನಿವೃತ್ತ_ಲೆಕ್ಕಿಗ:

ಆ ಷರತ್ತು ನೋಡಿ ನನಗೆ ನೋವಾಯಿತು. ಆಯೋಗ ರಚಿಸದೆ ಬಿಟ್ಟದ್ದು ರಾಜ್ಯ. ಅನುದಾನ ನಿಂತದ್ದು ಪಂಚಾಯಿತಿಗೆ. ಒತ್ತಡ ಹಾಕಬೇಕಾದವರ ಮೇಲೆ ಹಾಕದೆ, ಕೈಯಲ್ಲಿ ಏನೂ ಇಲ್ಲದವರಿಗೆ ಶಿಕ್ಷೆ ಯಾಕೆ?

ಮರುಪ್ರಶ್ನೆ:

ಮತ್ತೆ ನನ್ನ ಪ್ರಶ್ನೆಗೇ ಬರುತ್ತೇನೆ. ಹಣ ಹಕ್ಕಾಗಿ, ನೇರವಾಗಿ, ತಾರೀಖಿಗೆ ಸರಿಯಾಗಿ ಬಂತು. ಆಮೇಲೆ ಊರಿನ ನಾಲ್ಕು ಜನ ಹಂಚಿಕೊಂಡು ತಿಂದರೆ? ಬ್ರೆಜಿಲ್‌ನಲ್ಲೇ, ಸಂಖ್ಯೆ ಗೆಳತಿ ಹೇಳಿದ ಅದೇ ಮೆಟ್ಟಿಲುಗಳನ್ನು ಹಿಡಿದು ನಡೆದ ಅಧ್ಯಯನದಲ್ಲಿ, ಪಾಲು ಜಾಸ್ತಿ ಬಂದ ಊರುಗಳಲ್ಲಿ ಭ್ರಷ್ಟಾಚಾರವೂ ಜಾಸ್ತಿ ಅಂತ ಕಂಡುಬಂದಿದೆ. ಇದಕ್ಕೆ ಏನು ಹೇಳುತ್ತೀರಿ?

ಪಾಲು_ಲೆಕ್ಕ:

ಕೇಳಲೇಬೇಕಾದ ಪ್ರಶ್ನೆ. ಆ ಭ್ರಷ್ಟಾಚಾರ ಗೊತ್ತಾದದ್ದು ಹೇಗೆ ಅಂತ ಮೊದಲು ಹೇಳುತ್ತೇನೆ. 2003ರಿಂದ ಬ್ರೆಜಿಲ್‌ನ ಕೇಂದ್ರ ಲೆಕ್ಕ ತಪಾಸಣಾ ಸಂಸ್ಥೆ ಲಾಟರಿ ಎತ್ತಿ ಊರುಗಳನ್ನು ಆರಿಸಿತು. ಎತ್ತುವುದು ಎಲ್ಲರ ಎದುರಿಗೆ. ಹೆಸರು ಬಂದ ಊರಿಗೆ ತಂಡ ಹೋಗಿ, ಕೇಂದ್ರದಿಂದ ಬಂದ ಹಣದ ಕಡತ ತೆಗೆದು, ಕಟ್ಟಿದ ಕಟ್ಟಡ ಕಣ್ಣಾರೆ ನೋಡಿ, ವರದಿಯನ್ನು ಪ್ರಕಟಿಸುತ್ತಿತ್ತು. ನೀವು ಹೇಳಿದ ಅಧ್ಯಯನ ಆಧರಿಸಿದ್ದು ಇಂಥ ವರದಿಗಳನ್ನೇ. ಚುನಾವಣೆಗೆ ಮುಂಚೆ ವರದಿ ಹೊರಬಂದ ಕಡೆ, ತಪ್ಪು ಮಾಡಿದ ಮೇಯರ್‌ಗಳು ಮತ ಕಳೆದುಕೊಂಡರು. ಸ್ಥಳೀಯ ರೇಡಿಯೊ ಇದ್ದ ಕಡೆ ಇನ್ನೂ ಜಾಸ್ತಿ.

ಅಂದರೆ ಮೇಲಿಂದ ಬಂದ ಹಣಕ್ಕೂ ಜನ ಲೆಕ್ಕ ಕೇಳುತ್ತಾರೆ, ಬಂದದ್ದು ಗೊತ್ತಾದರೆ.

ಉಗಾಂಡದ ಕತೆ ಇದಕ್ಕಿಂತ ಹಳೆಯದು. ಅಲ್ಲಿ ಪ್ರಾಥಮಿಕ ಶಾಲೆಗಳಿಗೆ ಮಕ್ಕಳ ತಲೆ ಲೆಕ್ಕದಲ್ಲಿ ಅನುದಾನ ಕೊಡುತ್ತಿದ್ದರು. 1991ರಿಂದ 1995ರ ನಡುವಿನ ಲೆಕ್ಕ ತೆಗೆದು ನೋಡಿದರೆ, ಹೊರಟ ಹಣದಲ್ಲಿ ಸರಾಸರಿ ಶೇ. 13 ಮಾತ್ರ ಶಾಲೆ ಮುಟ್ಟಿತ್ತು. ಹೆಚ್ಚಿನ ಶಾಲೆಗಳಿಗೆ ಏನೂ ಬಂದಿರಲಿಲ್ಲ. ಉಳಿದದ್ದು ಜಿಲ್ಲಾ ಕಚೇರಿಗಳ ಮಟ್ಟದಲ್ಲೇ ನಿಂತಿತ್ತು. ಸರ್ಕಾರ ಆಮೇಲೆ ಯಾವ ಜಿಲ್ಲೆಗೆ ಯಾವ ತಿಂಗಳು ಎಷ್ಟು ಹೋಯಿತು ಅಂತ ಪತ್ರಿಕೆಗಳಲ್ಲಿ ಹಾಕಲು ಶುರುಮಾಡಿತು. ಶಾಲೆಗಳು ತಮಗೆ ಬಂದ ಮೊತ್ತವನ್ನು ಗೋಡೆಗೆ ಅಂಟಿಸಬೇಕಾಯಿತು. ಕೆಲವೇ ವರ್ಷಗಳಲ್ಲಿ ಬಹುಪಾಲು ಹಣ ಶಾಲೆ ಮುಟ್ಟುತ್ತಿತ್ತು. ಮುಖ್ಯೋಪಾಧ್ಯಾಯರು ಪತ್ರಿಕೆ ಹಿಡಿದು ಜಿಲ್ಲಾ ಕಚೇರಿಗೆ ಹೋಗಿ, ನಮ್ಮ ಪಾಲು ಎಲ್ಲಿ ಅಂತ ಕೇಳಬಹುದಾಗಿತ್ತು.

ಬಜೆಟ್_ಓದುಗಿ:

ಉಗಾಂಡದಲ್ಲಿ ಅದೇ ಹೊತ್ತಿನಲ್ಲಿ ಬೇರೆ ಸುಧಾರಣೆಗಳೂ ನಡೆದಿದ್ದವು. ಎಲ್ಲ ಪತ್ರಿಕೆಯ ಪುಣ್ಯ ಅನ್ನಬಾರದು ಅಂತ ವಾದಿಸಿದವರಿದ್ದಾರೆ. ಅದನ್ನೂ ಇಲ್ಲಿ ಬರೆದಿರಲಿ.

ಪಾಲು_ಲೆಕ್ಕ:

ಖಂಡಿತ. ಹಣ ಬಿಡುವ ರೀತಿಯೂ ಬದಲಾಗಿತ್ತು, ಮೇಲ್ವಿಚಾರಣೆಯೂ ಬಿಗಿಯಾಗಿತ್ತು. ಪ್ರಕಟಣೆಯೊಂದೇ ಸಾಕು ಅಂತ ನಾನೂ ಹೇಳುವುದಿಲ್ಲ.

ಹೊಸ_ಸದಸ್ಯ:

ಇದನ್ನೆಲ್ಲ ಕಾನೂನಿನಲ್ಲಿ ಬರೆದಿಟ್ಟರೆ ಸಾಕೋ, ಸಂವಿಧಾನದಲ್ಲೇ ಇರಬೇಕೋ?

ಕಾನೂನು_ಓದು:

ಅಮೆರಿಕದಲ್ಲಿ 1972ರಲ್ಲಿ ನಿಕ್ಸನ್ ಕಾಲದಲ್ಲಿ ಸಾಮಾನ್ಯ ಆದಾಯ ಹಂಚಿಕೆ ಅಂತ ಕಾನೂನು ಬಂತು. ಐದು ವರ್ಷಕ್ಕೆ 30 ಶತಕೋಟಿ ಡಾಲರ್‌ಗೂ ಜಾಸ್ತಿ. ಸುಮಾರು 39,000 ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳಿಗೆ ಹಣ, ಬಳಸುವುದಕ್ಕೆ ಷರತ್ತು ತೀರಾ ಕಡಿಮೆ. ನಿವೃತ್ತ ಲೆಕ್ಕಿಗರು ಕೇಳುವ ತರಹದ್ದೇ ಹಣ ಅದು. 1980ರಲ್ಲಿ ರಾಜ್ಯಗಳನ್ನು ಕೈಬಿಟ್ಟರು. ಕೇಂದ್ರದ ಕೊರತೆ ಬೆಳೆದಾಗ 1986ರಲ್ಲಿ ಇಡೀ ಯೋಜನೆಯನ್ನೇ ನಿಲ್ಲಿಸಿದರು. ಮಾಮೂಲಿ ಕಾನೂನಿನಿಂದ ಬಂದದ್ದು ಅವಧಿ ಮುಗಿದಾಗ ಮುಂದುವರಿಸದೆ ಬಿಟ್ಟರೆ ಹೋಗಿಬಿಡುತ್ತದೆ. ಸಂವಿಧಾನದಲ್ಲಿದ್ದರೆ ಕನಿಷ್ಠ ಕೋರ್ಟಿಗೆ ಹೋಗಬಹುದು, ಫಿಲಿಪ್ಪೀನ್ಸ್‌ನವರು ಹೋದ ಹಾಗೆ.

ಮರುಪ್ರಶ್ನೆ:

ಲಾಟರಿ ತಪಾಸಣೆ ವಿಷಯ ನನಗೆ ಹಿಡಿಸಿತು. ಆದರೂ ಅಂಕಿಯನ್ನು ನಾನು ಬಿಡುವುದಿಲ್ಲ. ತಾರೀಖಿಗೆ ಸರಿಯಾಗಿ, ನೇರವಾಗಿ, ಎಲ್ಲರಿಗೂ ಕಾಣುವ ಹಾಗೆ ಶೇ. 2 ಕೊಟ್ಟರೆ ಚರಂಡಿ ಕಟ್ಟಲು ಆಗುತ್ತದೆಯೇ? ಸ್ವಂತ ತೆರಿಗೆ ಮೊದಲು, ಪಾಲು ಆಮೇಲೆ. ಪಾಲು ಲೆಕ್ಕ ಅವರೇ, ನೀವೇ ಕಾನೂನು ಬರೆಯುವುದಾದರೆ ಏನು ಬರೆಯುತ್ತೀರಿ? ಸುಮ್ನೆ ತತ್ವ ಬೇಡ, ಬರೆದು ತೋರಿಸಿ.

ಪಾಲು_ಲೆಕ್ಕ:

ಸರಿ, ಬರೆಯುತ್ತೇನೆ. ಪಾಲು ಲೆಕ್ಕ ಹಾಕುವುದು ಒಟ್ಟು ವಸೂಲಿಯ ಮೇಲೆ. ತೆರಿಗೆಗೆ ಸೆಸ್ ಅಂತಲೋ ಇನ್ನೊಂದು ಅಂತಲೋ ಯಾವ ಹೆಸರಿಟ್ಟರೂ ಅದರೊಳಗೆ ಬರಬೇಕು. ಒಂದೇ ವರ್ಷದ ವಸೂಲಿ ಬೇಡ, ಮುಗಿದ ಮೂರು ವರ್ಷಗಳ ಸರಾಸರಿ ತೆಗೆದುಕೊಳ್ಳಬೇಕು. 2020ರಂಥ ವರ್ಷ ಬಂದರೆ ಪೆಟ್ಟು ಹರಡಿಕೊಳ್ಳುತ್ತದೆ. ಹಣ ಮೂರು ತಿಂಗಳಿಗೊಮ್ಮೆ, ಗೊತ್ತಾದ ದಿನ, ನೇರ ಊರಿನ ಖಾತೆಗೆ. ತಡವಾದರೆ ಬಡ್ಡಿ ಸೇರಿಸಿ. ಕಂತಿಗೂ ಬಳಕೆ ಪತ್ರಕ್ಕೂ ಗಂಟು ಹಾಕಬಾರದು. ತಪಾಸಣೆ ಆಮೇಲೆ, ಲಾಟರಿ ಎತ್ತಿ. ಮೇಲಿಂದ ಯಾವ ಕೆಲಸ ಕೆಳಗೆ ದಾಟಿಸಿದರೂ ಅದರ ಖರ್ಚಿನ ಅಂದಾಜು ಅದೇ ಆದೇಶದಲ್ಲಿ ಇರಬೇಕು. ಊರು ಸ್ವಂತವಾಗಿ ಎತ್ತಿದ ತೆರಿಗೆಯನ್ನು ಪೂರ್ತಿಯಾಗಿ ಲೆಕ್ಕಕ್ಕೆ ಹಿಡಿಯಬಾರದು. ಅದರಲ್ಲಿ ನಿಮ್ಮ ಮಾತಿಗೂ ಜಾಗ ಇದೆ, ನಾನು ಶೇ. 60 ಅಂತ ಹಾಕುತ್ತೇನೆ. ಜನಸಂಖ್ಯೆಗೆ ಮೆಟ್ಟಿಲು ಬೇಡ, ಪ್ರತಿ ತಲೆಗೂ ಅದರದೇ ಲೆಕ್ಕ. ಅಂಕಿಯನ್ನು ಕೊನೆಗೆ ಹಾಕುತ್ತೇನೆ, ಕೆಲಸಗಳ ಪಟ್ಟಿ ನೋಡಿಕೊಂಡು.

ಕಾನೂನು_ಓದು:

ಮೂರು ವರ್ಷದ ಸರಾಸರಿ ಅಂದರೆ ಬೆಲೆ ವೇಗವಾಗಿ ಏರುವ ದೇಶದಲ್ಲಿ ಊರಿನ ಪಾಲು ಯಾವಾಗಲೂ ಹಿಂದೆಯೇ ಇರುತ್ತದೆ. ಬೆಲೆ ಸೂಚ್ಯಂಕದ ಪ್ರಕಾರ ಹೆಚ್ಚಿಸಿ ಕೊಡಬೇಕು ಅಂತಲೂ ಸೇರಿಸಿ.

ನಿವೃತ್ತ_ಲೆಕ್ಕಿಗ:

ಇನ್ನೊಂದು ಸಾಲು ನನ್ನ ಕಡೆಯಿಂದ. ವರ್ಷದ ಕೊನೆಗೆ ಉಳಿದ ಹಣ ವಾಪಸ್ ಹೋಗಬಾರದು, ಮುಂದಿನ ವರ್ಷಕ್ಕೆ ಅದೇ ಖಾತೆಯಲ್ಲಿ ಉಳಿಯಬೇಕು. ಇದೊಂದು ಇದ್ದರೆ ಆ ಪೈಪ್ ಅಗೆದು ಸರಿಮಾಡಲು ಹೊತ್ತು ಸಿಗುತ್ತದೆ.

ಪಾಲು_ಲೆಕ್ಕ:

ಎರಡನ್ನೂ ಸೇರಿಸಿದ್ದೇನೆ.